ಮೇಕ್ ಇನ್‌ಸ್ಟಾಲ್ ಆದಮೇಲೂ ಹಳೆಯದೇ ಓಡುತ್ತಿದೆಯೇ? ಲಿನಕ್ಸ್‌ನಲ್ಲಿ ಸೋರ್ಸ್ ಮತ್ತು ಪ್ಯಾಕೇಜ್ ಇನ್‌ಸ್ಟಾಲ್‌ಗಳ ದೋಷ ನಿವಾರಣೆ

ಆಪ್ಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್ ಎಂಬ ಪ್ಯಾಕೇಜ್ ಮ್ಯಾನೇಜರುಗಳು (ಲಿನಕ್ಸ್ ವಿತರಣೆ ಸಿದ್ಧಪಡಿಸಿಟ್ಟ ಸಾಫ್ಟ್‌ವೇರನ್ನು ಹಾಕುವ, ತೆಗೆಯುವ ಉಪಕರಣಗಳು) ತಾವು ಡಿಸ್ಕಿನಲ್ಲಿ ಇಟ್ಟ ಪ್ರತಿ ಫೈಲಿನ ಲೆಕ್ಕವನ್ನೂ ಬರೆದಿಟ್ಟುಕೊಳ್ಳುತ್ತವೆ. 'ಮೇಕ್ ಇನ್‌ಸ್ಟಾಲ್' (ಸೋರ್ಸ್ ಕೋಡಿನಿಂದ ನೀವೇ ಕಟ್ಟಿದ, ಅಂದರೆ ಕಂಪೈಲ್ ಮಾಡಿದ, ಸಾಫ್ಟ್‌ವೇರನ್ನು ಹಾಕುವ ಕಮಾಂಡ್) ಯಾವ ಲೆಕ್ಕವನ್ನೂ ಬರೆಯುವುದಿಲ್ಲ; ಫೈಲುಗಳನ್ನು ಕಾಪಿ ಮಾಡಿ ಸುಮ್ಮನಾಗುತ್ತದೆ. ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಒಂದೇ ಸಾಫ್ಟ್‌ವೇರಿನ ಎರಡು ಪ್ರತಿಗಳು ಒಂದೇ ಮೆಷಿನ್ನಿನಲ್ಲಿ ಕೂತಿರುತ್ತವೆ, ಒಂದು ಇರುವುದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಎರರ್ ಯಾವುದೇ ಬರಲಿ, ಮೊದಲು ಕೇಳಬೇಕಾದದ್ದು ಒಂದೇ: ಈ ಫೈಲನ್ನು ಇಲ್ಲಿ ತಂದಿಟ್ಟದ್ದು ಯಾರು?

ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ. ಬೇರೆ ಸೂಚನೆ ಇಲ್ಲದಿದ್ದರೆ ಕಮಾಂಡ್ ಡೆಬಿಯನ್ ಮತ್ತು ಉಬುಂಟುವಿಗೆ ಸೇರಿದ್ದು.

## ಏನನ್ನೂ ಮುಟ್ಟುವ ಮೊದಲು, ಎರಡು ನಿಮಿಷದ ತಪಾಸಣೆ

'ಡಿಎಫ್ -ಎಚ್' ಕೊಟ್ಟು ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ. ಜಾಗ ಇದ್ದೂ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಬಂದರೆ 'ಡಿಎಫ್ -ಐ' ಕೊಡಿ. ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾದ ದಾಖಲೆ) ಮುಗಿದಿದ್ದರೂ ಇದೇ ಮಾತು ಬರುತ್ತದೆ. 'ಡೇಟ್' ಕೊಟ್ಟು ಗಡಿಯಾರ ನೋಡಿ. ಸಮಯ ತಪ್ಪಿದ್ದರೆ ಆಪ್ಟ್ ರೆಪಾಸಿಟರಿಯನ್ನು (ಪ್ಯಾಕೇಜ್‌ಗಳು ಸಿಗುವ ಸಂಗ್ರಹವನ್ನು) ನಂಬುವುದಿಲ್ಲ, ಮೇಕ್ 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಎಂದು ಗೊಣಗುತ್ತದೆ. 'ಕ್ಯಾಟ್ /ಇಟಿಸಿ/ಓಎಸ್-ರಿಲೀಸ್' ಕೊಟ್ಟರೆ ನಿಮ್ಮದು ಯಾವ ಆವೃತ್ತಿ ಎಂಬುದು ಖಚಿತವಾಗುತ್ತದೆ. ಯಾರದೋ ಸೂಚನೆಯನ್ನು ತಪ್ಪು ಆವೃತ್ತಿಯ ಮೇಲೆ ಪ್ರಯೋಗಿಸುವುದು ಬಹಳ ಸಾಮಾನ್ಯ.

ಆಮೇಲೆ ತೊಂದರೆ ಕೊಡುತ್ತಿರುವ ಪ್ರೋಗ್ರಾಮಿನ ಹೆಸರು ಹಾಕಿ ಇವೆರಡನ್ನು ಓಡಿಸಿ:

    ಟೈಪ್ -ಎ ಕರ್ಲ್
    ಡಿಪಿಕೆಜಿ -ಎಸ್ /ಯುಎಸ್‌ಆರ್/ಬಿನ್/ಕರ್ಲ್

ಎರಡನೆಯದರಲ್ಲಿ ಎಸ್ ದೊಡ್ಡಕ್ಷರ. ಫೆಡೋರಾದಲ್ಲಿ ಅದರ ಬದಲು 'ಆರ್‌ಪಿಎಂ -ಕ್ಯೂಎಫ್'. ಮೊದಲ ಕಮಾಂಡಿಗೆ ಎರಡು ಬೇರೆ ಬೇರೆ ಜಾಗಗಳ ಉತ್ತರ ಬಂದರೆ ಎರಡು ಪ್ರತಿಗಳಿವೆ ಎಂದರ್ಥ, ಮೇಲೆ ಇರುವುದು ಓಡುತ್ತದೆ (ಹೊಸ ಸಿಸ್ಟಮ್ಮುಗಳಲ್ಲಿ /ಯುಎಸ್‌ಆರ್/ಬಿನ್ ಮತ್ತು /ಬಿನ್ ಒಂದೇ ಜಾಗ, ಆ ಎರಡು ಸಾಲನ್ನು ಒಂದೇ ಪ್ರತಿ ಎಂದು ಎಣಿಸಿ). ಎರಡನೆಯದು ಪ್ಯಾಕೇಜಿನ ಹೆಸರು ಹೇಳಿದರೆ ಆ ಫೈಲು ಪ್ಯಾಕೇಜ್ ಮ್ಯಾನೇಜರಿನದು. 'ನೋ ಪಾತ್ ಫೌಂಡ್' ಎಂದರೆ ಸಾಮಾನ್ಯವಾಗಿ ಅಲ್ಲ. ಸಾಮಾನ್ಯವಾಗಿ ಎನ್ನಲು ಕಾರಣ ಎರಡು. ಹೊಸ ಡೆಬಿಯನ್ ಮತ್ತು ಉಬುಂಟುಗಳಲ್ಲಿ /ಬಿನ್ ಎಂಬುದು /ಯುಎಸ್‌ಆರ್/ಬಿನ್‌ಗೆ ಕೊಂಡಿ ಮಾತ್ರ, ಆದರೂ ಲೆಕ್ಕದ ಪುಸ್ತಕದಲ್ಲಿ ಕೆಲವು ಫೈಲುಗಳು ಹಳೆಯ ವಿಳಾಸದಲ್ಲೇ ಇರಬಹುದು. ಒಂದು ವಿಳಾಸಕ್ಕೆ ಉತ್ತರ ಸಿಗದಿದ್ದರೆ ಇನ್ನೊಂದನ್ನು ಕೇಳಿ. ವಿಮ್, ಎಡಿಟರ್‌ನಂಥ ಹೆಸರುಗಳು ಆಲ್ಟರ್ನೇಟಿವ್ಸ್ ವ್ಯವಸ್ಥೆ (ಒಂದು ಹೆಸರಿಗೆ ಹಲವು ಪ್ರೋಗ್ರಾಮ್‌ಗಳಲ್ಲಿ ಒಂದನ್ನು ಜೋಡಿಸುವಂಥದ್ದು) ಹಾಕಿದ ಕೊಂಡಿಗಳು. 'ರೀಡ್‌ಲಿಂಕ್ -ಎಫ್' ಕೊಟ್ಟು ಅಸಲಿ ಫೈಲು ಹಿಡಿದು ಅದನ್ನು ಕೇಳಿ.

## ಲಕ್ಷಣ: 'ಅನೇಬಲ್ ಟು ಲೊಕೇಟ್ ಪ್ಯಾಕೇಜ್'

ಮೊದಲು 'ಸುಡೊ ಆಪ್ಟ್ ಅಪ್‌ಡೇಟ್'. ಹೊಸದಾಗಿ ಹಾಕಿದ ಸಿಸ್ಟಮ್ಮಿನಲ್ಲಿ, ಕಂಟೇನರಿನಲ್ಲಿ ಪಟ್ಟಿ ಖಾಲಿ ಇರುತ್ತದೆ. ಹೆಚ್ಚಿನ ಸಲ ಇಷ್ಟೇ ಸಾಕು. ಆಮೇಲೆ ಹೆಸರು. ಪ್ರೋಗ್ರಾಮಿನ ಹೆಸರೇ ಪ್ಯಾಕೇಜಿನ ಹೆಸರಾಗಿರಬೇಕೆಂದಿಲ್ಲ, 'ಆಪ್ಟ್ ಸರ್ಚ್' ಕೊಟ್ಟು ಹುಡುಕಿ. ಉಬುಂಟುವಿನಲ್ಲಿ ಯೂನಿವರ್ಸ್, ಡೆಬಿಯನ್‌ನಲ್ಲಿ ಕಾಂಟ್ರಿಬ್ ಮತ್ತು ನಾನ್-ಫ್ರೀ ವಿಭಾಗಗಳು ತೆರೆದಿವೆಯೇ ನೋಡಿ.

ಅಪ್‌ಡೇಟ್ ಕೊಟ್ಟಾಗಲೇ 404 ಬರುತ್ತಿದ್ದರೆ ನಿಮ್ಮ ಆವೃತ್ತಿಯ ಅವಧಿ ಮುಗಿದಿರುವ ಸಾಧ್ಯತೆ ಹೆಚ್ಚು. ಅದರ ಪ್ಯಾಕೇಜ್‌ಗಳನ್ನು ಹಳೆಯ ಸಂಗ್ರಹಕ್ಕೆ ಸರಿಸಿರುತ್ತಾರೆ. ಆಗ ಸೋರ್ಸ್‌ನಿಂದ ಕಟ್ಟುವುದು ಮದ್ದಲ್ಲ, ಸಿಸ್ಟಮ್ಮನ್ನೇ ಮೇಲಿನ ಆವೃತ್ತಿಗೆ ಏರಿಸಬೇಕು.

ಪ್ಯಾಕೇಜ್ ಸಿಕ್ಕಿತು, ಆದರೆ ಆವೃತ್ತಿ ಹಳೆಯದು ಎಂದು ಸೋರ್ಸ್ ಕಡೆ ಓಡುವವರು ಒಂದು ಕ್ಷಣ ನಿಲ್ಲಿ. ಡೆಬಿಯನ್ ಸ್ಟೇಬಲ್‌ನಂಥ ವಿತರಣೆಗಳು ಸಂಖ್ಯೆ ಬದಲಿಸದೆ ಭದ್ರತಾ ತಿದ್ದುಪಡಿಗಳನ್ನಷ್ಟೇ ಹಳೆಯ ಆವೃತ್ತಿಗೆ ಸೇರಿಸುತ್ತವೆ. ಆವೃತ್ತಿಯ ಬಾಲದಲ್ಲಿ 'ಡೆಬ್12ಯು3' ಎಂಬಂಥದ್ದು ಕಂಡರೆ ಅದು ಡೆಬಿಯನ್ 12ಕ್ಕೆಂದು ಮಾಡಿದ ಮೂರನೆಯ ತಿದ್ದುಪಡಿ. ಸಂಖ್ಯೆ ಹಳೆಯದಾದ ಮಾತ್ರಕ್ಕೆ ತೂತು ಹಾಗೇ ಇದೆ ಎಂದಲ್ಲ. ಹೊಸ ಸೌಲಭ್ಯವೇ ಬೇಕಿದ್ದರೆ ಮೊದಲು ಬ್ಯಾಕ್‌ಪೋರ್ಟ್ಸ್ (ಸ್ಟೇಬಲ್‌ಗೆಂದು ಮರುಕಟ್ಟಿದ ಹೊಸ ಆವೃತ್ತಿಗಳ ರೆಪಾಸಿಟರಿ), ಆಮೇಲೆ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ (ಯಾವ ವಿತರಣೆಯಲ್ಲಾದರೂ ಬೇರೆಯಾಗಿ ಓಡುವ ಪ್ಯಾಕೇಜ್‌ಗಳು), ಕೊನೆಗೆ ಸೋರ್ಸ್. ಸೋರ್ಸ್‌ನಿಂದ ಕಟ್ಟಿದ ದಿನದಿಂದ ಅದರ ಭದ್ರತಾ ಅಪ್‌ಡೇಟ್ ನಿಮ್ಮ ತಲೆಗೇ ಬಂದಂತೆ.

## ಲಕ್ಷಣ: 'ಕುಡ್ ನಾಟ್ ಗೆಟ್ ಲಾಕ್' ಅಥವಾ ಮುರಿದ ಅವಲಂಬನೆಗಳು

ಲಾಕ್ ಹಿಡಿದಿರುವುದು ಹೆಚ್ಚಾಗಿ ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್, ಮೆಷಿನ್ ಆನ್ ಮಾಡಿದ ಮೊದಲ ಕೆಲವು ನಿಮಿಷ. ಹೊಸ ಆಪ್ಟ್ ತನ್ನ ಎರರಿನಲ್ಲೇ ಯಾವ ಪ್ರೊಸೆಸ್ ಹಿಡಿದಿದೆ ಎಂದು ಸಂಖ್ಯೆ ಸಮೇತ ಹೇಳುತ್ತದೆ. ಹತ್ತು ನಿಮಿಷ ಬಿಡಿ. ಲಾಕ್ ಫೈಲನ್ನು ಅಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ, ಮಾಡಬೇಡಿ. ಒಳಗೆ ಕೆಲಸ ನಡೆಯುತ್ತಿರುವಾಗ ಬಾಗಿಲು ಕಿತ್ತರೆ ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ, ಪುಸ್ತಕವೇ ಕೆಡುತ್ತದೆ.

ನಡುವೆ ಕರೆಂಟ್ ಹೋಗಿಯೋ ಟರ್ಮಿನಲ್ ಮುಚ್ಚಿಯೋ ಅರ್ಧಕ್ಕೆ ನಿಂತಿದ್ದರೆ ಈ ಕ್ರಮದಲ್ಲಿ:

    ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
    ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಎರಡನೆಯದು 'ಮುಂದುವರಿಯಲೇ' ಎಂದು ಕೇಳುವಾಗ 'ತೆಗೆದುಹಾಕಲಾಗುವ' ಪಟ್ಟಿಯನ್ನು ಓದಿಯೇ ಒಪ್ಪಿಗೆ ಕೊಡಿ. ಅದರಲ್ಲಿ ನಿಮ್ಮ ಡೆಸ್ಕ್‌ಟಾಪ್, ಲಿಬ್‌ಸಿ6, ಸಿಸ್ಟಮ್‌ಡಿ ಯಾವುದಾದರೂ ಕಂಡರೆ ಬೇಡ ಎನ್ನಿ.

'ಅನ್‌ಮೆಟ್ ಡಿಪೆಂಡೆನ್ಸೀಸ್' ಹೋಗದಿದ್ದರೆ 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೊಟ್ಟು ಯಾವ ಪ್ಯಾಕೇಜನ್ನಾದರೂ ಹಿಡಿದು ನಿಲ್ಲಿಸಿದ್ದೀರಾ ನೋಡಿ. ನಂತರ 'ಆಪ್ಟ್ ಪಾಲಿಸಿ' ಮತ್ತು ಪ್ಯಾಕೇಜಿನ ಹೆಸರು. ಇನ್‌ಸ್ಟಾಲ್ ಆಗಿರುವ ಆವೃತ್ತಿ ನಿಮ್ಮ ವಿತರಣೆಯ ಯಾವ ರೆಪಾಸಿಟರಿಯಲ್ಲೂ ಇಲ್ಲದಿದ್ದರೆ ಹೊರಗಿನ ಪಿಪಿಎ (ಉಬುಂಟುವಿಗೆಂದು ಬೇರೆಯವರು ನಡೆಸುವ ರೆಪಾಸಿಟರಿ), ಅಥವಾ ಬೇರೆ ಆವೃತ್ತಿಗೆಂದು ಮಾಡಿದ ಡೆಬ್ ಫೈಲು ಒಳಗೆ ಸೇರಿದೆ. ಡೆಬಿಯನ್ ಬಳಗದಲ್ಲಿ ಇಂಥ ಕಲಬೆರಕೆಗೆ ಫ್ರಾಂಕನ್‌ಡೆಬಿಯನ್ ಎಂಬ ಹೆಸರೇ ಇದೆ. ಆ ರೆಪಾಸಿಟರಿ ತೆಗೆದು, ವಿತರಣೆಯ ಆವೃತ್ತಿಯನ್ನು 'ಆಪ್ಟ್ ಇನ್‌ಸ್ಟಾಲ್ ಹೆಸರು=ಆವೃತ್ತಿ' ಎಂದು ಸ್ಪಷ್ಟವಾಗಿ ಕೇಳಿ ಕೆಳಗಿಳಿಸಿ.

## ಲಕ್ಷಣ: ಕಾನ್ಫಿಗರ್ ಫೈಲೇ ಇಲ್ಲ, ಅಥವಾ ಓಡುವುದಿಲ್ಲ

ಕಾನ್ಫಿಗರ್ ಎಂದರೆ ಕಟ್ಟುವ ಮೊದಲು ನಿಮ್ಮ ಸಿಸ್ಟಮ್ಮನ್ನು ಪರೀಕ್ಷಿಸಿ ಮೇಕ್‌ಗೆ ತಯಾರಿ ಮಾಡುವ ಸ್ಕ್ರಿಪ್ಟ್. './ಕಾನ್ಫಿಗರ್' ಕೊಟ್ಟಾಗ 'ನೋ ಸಚ್ ಫೈಲ್' ಎಂದರೆ ಮೊದಲು 'ಎಲ್‌ಎಸ್'. ಸಿಮೇಕ್‌ಲಿಸ್ಟ್ಸ್ ಎಂಬ ಟೆಕ್ಸ್ಟ್ ಫೈಲು ಕಂಡರೆ ಸಿಮೇಕ್ ಬೇಕು, ಮೆಸಾನ್.ಬಿಲ್ಡ್ ಕಂಡರೆ ಮೆಸಾನ್ ಮತ್ತು ನಿಂಜಾ. ಕಾನ್ಫಿಗರ್.ಎಸಿ ಮಾತ್ರ ಇದ್ದರೆ ನೀವು ಗಿಟ್‌ನಿಂದ ನೇರವಾಗಿ ತಂದಿದ್ದೀರಿ. ಕಾನ್ಫಿಗರ್ ಎಂಬುದು ಅದರಿಂದ ಹುಟ್ಟಬೇಕಾದ ಫೈಲು. './ಆಟೋಜೆನ್.ಎಸ್‌ಎಚ್' ಇದ್ದರೆ ಅದು, ಇಲ್ಲದಿದ್ದರೆ 'ಆಟೋರೀಕಾನ್ಫ್ -ಎಫ್‌ಐ'. ಇದಕ್ಕೆ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಬೇಕು. ಯೋಜನೆಯವರು ಬಿಡುಗಡೆ ಮಾಡಿದ ಟಾರ್ ಫೈಲನ್ನೇ (ಸೋರ್ಸ್ ಫೈಲುಗಳ ಗಂಟನ್ನೇ) ಇಳಿಸಿಕೊಂಡರೆ ಈ ತಲೆನೋವಿಲ್ಲ.

ಫೈಲು ಇದೆ, 'ಪರ್ಮಿಷನ್ ಡಿನೈಡ್' ಎನ್ನುತ್ತದೆ: 'ಚ್‌ಮಾಡ್ +ಎಕ್ಸ್ ಕಾನ್ಫಿಗರ್'. ಆಗಲೂ ಅದೇ ಬಂದರೆ ಆ ಡಿಸ್ಕ್ ನೋಎಕ್ಸೆಕ್ (ಪ್ರೋಗ್ರಾಮ್ ಓಡಿಸಲು ಬಿಡದ) ಆಯ್ಕೆಯಲ್ಲಿ ಮೌಂಟ್ ಆಗಿದೆ. ಫೋಲ್ಡರನ್ನು ನಿಮ್ಮ ಹೋಮ್‌ಗೆ ಸಾಗಿಸಿ. 'ಬ್ಯಾಡ್ ಇಂಟರ್‌ಪ್ರೆಟರ್' ಜೊತೆಗೆ ಟೋಪಿ ಚಿಹ್ನೆಯೂ ಎಂ ಅಕ್ಷರವೂ ಕಂಡರೆ ಫೈಲು ವಿಂಡೋಸ್ ಮೆಷಿನ್ನಿನ ಮೂಲಕ ಬಂದು ಸಾಲುಗಳ ಕೊನೆ ಕೆಟ್ಟಿದೆ. ತಿದ್ದುತ್ತ ಕೂರಬೇಡಿ, ಲಿನಕ್ಸ್‌ನಲ್ಲೇ ಮತ್ತೆ ಇಳಿಸಿ ಬಿಚ್ಚಿ.

ಇಳಿಸಿದ ಟಾರ್ ಫೈಲಿಗೆ 'ಎಸ್‌ಎಚ್‌ಎ256ಸಮ್' ಹಾಕಿ ನೋಡುವುದು, ಸಹಿ ಇದ್ದರೆ 'ಜಿಪಿಜಿ --ವೆರಿಫೈ' ಮಾಡುವುದು ಈ ಹಂತದ ಕೆಲಸ. ಇದು ಪೂರ್ಣ ರಕ್ಷಣೆಯಲ್ಲ ಎಂಬುದೂ ನೆನಪಿರಲಿ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಫೈಲು ಕುಗ್ಗಿಸುವ ಉಪಕರಣ) ಪ್ರಕರಣದಲ್ಲಿ, 5.6.0 ಮತ್ತು 5.6.1 ಆವೃತ್ತಿಗಳ ಬಿಡುಗಡೆ ಟಾರ್ ಫೈಲಿನೊಳಗೆ ಕಾನ್ಫಿಗರ್ ಹಂತದಲ್ಲೇ ಕೆಲಸ ಶುರುಮಾಡುವ ದುಷ್ಟ ಕೋಡ್ ಇತ್ತು. ಅದಕ್ಕೆ ಚಾಲನೆ ಕೊಡುವ ತುಣುಕು ಗಿಟ್‌ನಲ್ಲಿ ಇರಲಿಲ್ಲ. ಟಾರ್ ಬಿಡುಗಡೆ ಮಾಡಿದ್ದು ಯೋಜನೆಯ ನಿರ್ವಾಹಕರ ಖಾತೆಯೇ. ಕಾನ್ಫಿಗರ್ ಮತ್ತು ಮೇಕ್ ಹಂತಗಳನ್ನು ಎಂದೂ ಸುಡೊ ಹಾಕಿ ಓಡಿಸಬೇಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಸುಡೊ ಬೇಕಾಗುವುದು ಇನ್‌ಸ್ಟಾಲ್ ಹಂತಕ್ಕೆ ಮಾತ್ರ, ಅದೂ ಹೋಮ್ ಫೋಲ್ಡರಿನ ಹೊರಗೆ ಇಡುವುದಾದರೆ.

## ಲಕ್ಷಣ: ಲೈಬ್ರರಿ ಇದೆ, ಆದರೂ ಕಾನ್ಫಿಗರ್ 'ನಾಟ್ ಫೌಂಡ್' ಎನ್ನುತ್ತದೆ

ಸೋರ್ಸ್ ದಾರಿ ಹಿಡಿದವರೆಲ್ಲ ಎಡವುವ ಕಲ್ಲು ಇದು. ಕಂಪೈಲರ್ ಇದೆಯೇ ಎಂಬುದು ಮೊದಲ ಪ್ರಶ್ನೆ. 'ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಪಿಕೆಜಿ-ಕಾನ್ಫಿಗ್' ಒಮ್ಮೆ ಕೊಟ್ಟುಬಿಡಿ. ಆರ್ಚ್‌ನಲ್ಲಿ ಇದೇ ಕೆಲಸಕ್ಕೆ ಬೇಸ್-ಡೆವೆಲ್.

ಎರಡನೆಯದು ಡೆವ್ ಪ್ಯಾಕೇಜ್. ಡೇಟಾ ಕುಗ್ಗಿಸುವ ಝಡ್‌ಲಿಬ್ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಡೆಬಿಯನ್‌ನಲ್ಲಿ ಝಡ್‌ಲಿಬ್1ಜಿ ಎಂಬ ಪ್ಯಾಕೇಜ್ ಹೆಚ್ಚುಕಡಿಮೆ ಎಲ್ಲ ಮೆಷಿನ್‌ಗಳಲ್ಲೂ ಇರುತ್ತದೆ, ಆದರೆ ಅದು ಓಡುವ ಪ್ರೋಗ್ರಾಮಿಗೆ ಬೇಕಾದಷ್ಟೇ. ಕಟ್ಟಲು ಬೇಕಾದ ಹೆಡರ್ ಫೈಲು, ಅಂದರೆ ಝಡ್‌ಲಿಬ್.ಎಚ್, ಇರುವುದು ಝಡ್‌ಲಿಬ್1ಜಿ-ಡೆವ್‌ನಲ್ಲಿ. ಫೆಡೋರಾದಲ್ಲಿ ಇಂಥವುಗಳ ಬಾಲ ಡೆವ್ ಅಲ್ಲ, ಡೆವೆಲ್. ಆರ್ಚ್ ಈ ಎರಡನ್ನೂ ಬೇರ್ಪಡಿಸುವುದಿಲ್ಲ, ಹಾಗಾಗಿ ಆರ್ಚ್ ಬಳಸುವವರು ಬರೆದ ಸೂಚನೆಯಲ್ಲಿ ಡೆವ್ ಪ್ಯಾಕೇಜಿನ ಮಾತೇ ಇರುವುದಿಲ್ಲ. ಅದನ್ನು ಉಬುಂಟುವಿನಲ್ಲಿ ಅನುಸರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಯಾವ ಡೆವ್ ಪ್ಯಾಕೇಜ್ ಎಂದು ತಿಳಿಯದಿದ್ದರೆ ಆಪ್ಟ್-ಫೈಲ್ ಹಾಕಿಕೊಂಡು, 'ಸುಡೊ ಆಪ್ಟ್-ಫೈಲ್ ಅಪ್‌ಡೇಟ್' ಕೊಟ್ಟು, 'ಆಪ್ಟ್-ಫೈಲ್ ಸರ್ಚ್ ಝಡ್‌ಲಿಬ್.ಎಚ್' ಎಂದು ಕೇಳಿ. ಫೆಡೋರಾದಲ್ಲಿ 'ಡಿಎನ್‌ಎಫ್ ಪ್ರೊವೈಡ್ಸ್'.

ಇದಕ್ಕೂ ಹತ್ತಿರದ ದಾರಿ ಒಂದಿದೆ, ಅನೇಕರಿಗೆ ಗೊತ್ತಿರುವುದಿಲ್ಲ. ನೀವು ಕಟ್ಟಹೊರಟ ಸಾಫ್ಟ್‌ವೇರಿನ ಹಳೆಯ ಆವೃತ್ತಿ ವಿತರಣೆಯಲ್ಲಿ ಇದ್ದರೆ 'ಸುಡೊ ಆಪ್ಟ್ ಬಿಲ್ಡ್-ಡೆಪ್' ಮತ್ತು ಅದರ ಹೆಸರು ಕೊಡಿ. ಕಟ್ಟಲು ಬೇಕಾದ ಸಾಮಗ್ರಿಯೆಲ್ಲ ಒಟ್ಟಿಗೆ ಬರುತ್ತದೆ. ಸೋರ್ಸ್ ರೆಪಾಸಿಟರಿ ತೆರೆದಿಲ್ಲ ಎಂಬ ಎರರ್ ಬಂದರೆ, ಉಬುಂಟು 24.04ರಲ್ಲಿ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗಿನ ಉಬುಂಟು.ಸೋರ್ಸಸ್ ಫೈಲಿನಲ್ಲಿ 'ಟೈಪ್ಸ್: ಡೆಬ್' ಎಂಬುದನ್ನು 'ಟೈಪ್ಸ್: ಡೆಬ್ ಡೆಬ್-ಎಸ್‌ಆರ್‌ಸಿ' ಮಾಡಿ ಅಪ್‌ಡೇಟ್ ಕೊಡಿ. ಫೆಡೋರಾದಲ್ಲಿ ಇದು 'ಡಿಎನ್‌ಎಫ್ ಬಿಲ್ಡ್‌ಡೆಪ್'. ಪಟ್ಟಿ ಹಳೆಯ ಆವೃತ್ತಿಯದು, ಹೊಸದಕ್ಕೆ ಒಂದೆರಡು ಹೆಚ್ಚು ಬೇಕಾಗಬಹುದು.

ಡೆವ್ ಹಾಕಿದ ಮೇಲೂ ಹಾಡು ಅದೇ ಆದರೆ ಕಾನ್ಫಿಗ್.ಲಾಗ್ ತೆರೆಯಿರಿ. ಕೊನೆಯಿಂದ ಓದಿದರೆ ಏನೂ ತಿಳಿಯುವುದಿಲ್ಲ. ಕೊನೆಯ ನೂರಾರು ಸಾಲು ಬರೀ ವೇರಿಯಬಲ್‌ಗಳ ಪಟ್ಟಿ. 'ಕ್ಯಾಶ್ ವೇರಿಯಬಲ್ಸ್' ಎಂಬ ತಲೆಬರಹ ಹುಡುಕಿ, ಅದರ ಮೇಲಿನ ಇಪ್ಪತ್ತು ಮೂವತ್ತು ಸಾಲು ಓದಿ. ಕಾನ್ಫಿಗರ್ ಒಂದು ಪುಟ್ಟ ಸಿ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಲು ಯತ್ನಿಸಿ ಸೋತದ್ದು ಅಲ್ಲಿ ಇದ್ದದ್ದು ಇದ್ದ ಹಾಗೆ ಇರುತ್ತದೆ. 'ಝಡ್‌ಲಿಬ್.ಎಚ್: ನೋ ಸಚ್ ಫೈಲ್' ಎಂದರೆ ಹೆಡರ್ ಇಲ್ಲ. 'ಕೆನಾಟ್ ಫೈಂಡ್ -ಎಲ್‌ಝಡ್' ಎಂದರೆ ಲಿಂಕರ್‌ಗೆ ಲೈಬ್ರರಿ ಸಿಕ್ಕಿಲ್ಲ. ಝಡ್‌ಲಿಬ್‌ಗೆ ಸಂಬಂಧವೇ ಇಲ್ಲದ ಬೇರೆ ಕಂಪೈಲರ್ ಎರರ್ ಇದ್ದರೆ ತೆರೆಯ ಮೇಲಿನ 'ನಾಟ್ ಫೌಂಡ್' ಸುಳ್ಳು ಸಂದೇಶ, ಅಸಲಿ ರೋಗ ಬೇರೆ.

ಆ ಲೈಬ್ರರಿಯನ್ನೂ ನೀವೇ ಸೋರ್ಸ್‌ನಿಂದ /ಯುಎಸ್‌ಆರ್/ಲೋಕಲ್‌ಗೆ ಹಾಕಿದ್ದರೆ ಪಿಕೆಜಿ-ಕಾನ್ಫಿಗ್‌ಗೆ ಅದರ ಪಿಸಿ ಫೈಲು (ಲೈಬ್ರರಿ ಎಲ್ಲಿದೆ ಎಂದು ಹೇಳುವ ಪುಟ್ಟ ಫೈಲು) ಕಾಣುತ್ತಿಲ್ಲದಿರಬಹುದು. ಪಿಕೆಜಿ_ಕಾನ್ಫಿಗ್_ಪಾತ್ ಎಂಬ ವೇರಿಯಬಲ್‌ಗೆ, ಪೂರ್ತಿ ದೊಡ್ಡಕ್ಷರದಲ್ಲಿ, /ಯುಎಸ್‌ಆರ್/ಲೋಕಲ್/ಲಿಬ್/ಪಿಕೆಜಿಕಾನ್ಫಿಗ್ ಎಂಬ ವಿಳಾಸ ಕೊಟ್ಟು ಮತ್ತೆ ಓಡಿಸಿ. ಸಿಮೇಕ್ ಆದರೆ ಬಿಲ್ಡ್ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರುಮಾಡಿ. ಹಿಂದಿನ ಸಲ ಕಂಡ ತಪ್ಪು ದಾರಿಯನ್ನೇ ಅದು ತನ್ನ ಕ್ಯಾಶ್‌ನಲ್ಲಿ ಹಿಡಿದುಕೊಂಡಿರುತ್ತದೆ. 3.24ರಿಂದ ಈಚೆಗೆ '--ಫ್ರೆಶ್' ಕೊಟ್ಟರೂ ಆಯಿತು.

## ಲಕ್ಷಣ: ಮೇಕ್ ನಡುವೆ ನಿಂತಿತು

ಕೊನೆಯ ಸಾಲಿನ 'ಎರರ್ 2' ಏನನ್ನೂ ಹೇಳುವುದಿಲ್ಲ. ಬೇಕಾದದ್ದು ಮೊದಲ ಎರರ್. '-ಜೆ8' ಹಾಕಿ ಓಡಿಸಿದ್ದರೆ ಎಂಟು ಕೆಲಸಗಳ ಮಾತು ಕಲಸಿಕೊಂಡು ಅದು ಎಲ್ಲೋ ಮೇಲೆ ಹೂತುಹೋಗಿರುತ್ತದೆ. '-ಜೆ1' ಹಾಕಿ ಇನ್ನೊಮ್ಮೆ ಓಡಿಸಿ. ಆದ ಕೆಲಸ ಉಳಿದಿರುವುದರಿಂದ ಬೇಗ ಅಲ್ಲಿಗೇ ಬಂದು ನಿಲ್ಲುತ್ತದೆ.

'ಕಿಲ್ಡ್' ಎಂಬ ಪದ, ಜೊತೆಗೆ ಸಿಸಿ1ಪ್ಲಸ್ ಎಂಬ ಹೆಸರು ಕಂಡರೆ ಮೆಮೊರಿ ಸಾಲದೆ ಕರ್ನಲ್ ಕಂಪೈಲರನ್ನು ಕೊಂದಿದೆ. 'ಸುಡೊ ಡಿಮೆಸೆಜ್' (ಅಕ್ಷರಗಳು ಡಿ, ಎಂ, ಇ, ಎಸ್, ಜಿ) ಕೊಟ್ಟರೆ 'ಔಟ್ ಆಫ್ ಮೆಮೊರಿ' ಸಾಲು ಸಿಗುತ್ತದೆ. ದೊಡ್ಡ ಸಿ ಪ್ಲಸ್ ಪ್ಲಸ್ ಯೋಜನೆಗಳಲ್ಲಿ ಒಂದೊಂದು ಕೆಲಸಕ್ಕೂ 1ರಿಂದ 2 ಜಿಬಿ ಬೇಕೆಂದು ಲೆಕ್ಕ ಇಟ್ಟುಕೊಳ್ಳಿ. 4 ಜಿಬಿ ಮೆಷಿನ್ನಿನಲ್ಲಿ '-ಜೆ2' ಮೀರಬೇಡಿ.

ವರ್ಷಗಟ್ಟಲೆ ಸರಿಯಾಗಿ ಕಟ್ಟುತ್ತಿದ್ದ ಹಳೆಯ ಸಿ ಕೋಡ್ ಈಗ ಸೋತರೆ ಕಂಪೈಲರ್ ಬಿಗಿಯಾಗಿದೆ. 2020ರ ಜಿಸಿಸಿ 10ರಿಂದ 'ಮಲ್ಟಿಪಲ್ ಡೆಫಿನಿಷನ್' ಎರರ್ ಬರತೊಡಗಿತು; '-ಎಫ್‌ಕಾಮನ್' ಸೇರಿಸಿದರೆ ಹಳೆಯ ನಡವಳಿಕೆಗೆ ಮರಳುತ್ತದೆ. 2024ರ ಜಿಸಿಸಿ 14ರಲ್ಲಿ, ಮೊದಲು ಬರೀ ಎಚ್ಚರಿಕೆಯಾಗಿದ್ದ 'ಇಂಪ್ಲಿಸಿಟ್ ಡಿಕ್ಲರೇಷನ್' ಎರರ್ ಆಯಿತು, ಅದಕ್ಕೆ '-ಎಫ್‌ಪರ್ಮಿಸಿವ್'. ಇವನ್ನು ಸಿಫ್ಲಾಗ್ಸ್ ಎಂಬ ದೊಡ್ಡಕ್ಷರದ ವೇರಿಯಬಲ್‌ನಲ್ಲಿ ಕಾನ್ಫಿಗರ್‌ಗೆ ಕೊಡಬೇಕು. ತೇಪೆ ಕೆಲಸವೇ ಸರಿ, ಆದರೆ ಕೋಡ್ ತಿದ್ದದೆ ಮುಂದೆ ಹೋಗಲು ಸಾಕು.

'ಅನ್‌ಡಿಫೈನ್ಡ್ ರೆಫರೆನ್ಸ್' ಬಂದರೆ ಮತ್ತೆ ಎರಡು ಪ್ರತಿಗಳ ಕಥೆಯನ್ನೇ ಅನುಮಾನಿಸಿ. ಜಿಸಿಸಿ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್ ಅನ್ನು /ಯುಎಸ್‌ಆರ್/ಇನ್‌ಕ್ಲೂಡ್‌ಗಿಂತ ಮೊದಲು ನೋಡುತ್ತದೆ. ಹಿಂದೆಂದೋ ಹಾಕಿ ಅರ್ಧ ತೆಗೆದ ಸೋರ್ಸ್ ಪ್ರತಿಯ ಹೆಡರ್ ಅಲ್ಲಿ ಉಳಿದಿದ್ದರೆ, ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದು.

ಇನ್ನು, 'ಪರ್ಮಿಷನ್ ಡಿನೈಡ್' ಬಂದು ಮೇಕ್ ನಿಂತರೆ ಹಿಂದೊಮ್ಮೆ ಸುಡೊ ಹಾಕಿ ಕಟ್ಟಿದ್ದೀರಿ, ಫೈಲುಗಳು ರೂಟ್ ಹೆಸರಿನಲ್ಲಿವೆ. ಫೋಲ್ಡರ್ ಅಳಿಸಿ ಮತ್ತೆ ಬಿಚ್ಚಿಕೊಳ್ಳುವುದೇ ಸುಲಭ.

## ಲಕ್ಷಣ: ಇನ್‌ಸ್ಟಾಲ್ ಆಯಿತು, ಆದರೆ ಹಳೆಯದೇ ಓಡುತ್ತದೆ

'ಹ್ಯಾಶ್ -ಆರ್' ಎಂದು ಟೈಪ್ ಮಾಡಿ ಮತ್ತೆ ನೋಡಿ. ಬ್ಯಾಷ್ ಒಮ್ಮೆ ಓಡಿಸಿದ ಕಮಾಂಡಿನ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ; ಹೊಸ ಪ್ರತಿ ಬಂದದ್ದು ಅದಕ್ಕೆ ಗೊತ್ತಾಗಿರುವುದಿಲ್ಲ. ಹಳೆಯ ಪ್ರತಿಯನ್ನು ಆಪ್ಟ್‌ನಿಂದ ತೆಗೆದ ಮೇಲೆ '/ಯುಎಸ್‌ಆರ್/ಬಿನ್/... ನೋ ಸಚ್ ಫೈಲ್' ಬರುವುದೂ ಇದರಿಂದಲೇ. ಹೊಸ ಟರ್ಮಿನಲ್ ತೆರೆದಾಗ ತಾನಾಗಿ ಸರಿಹೋಗುವುದರಿಂದ ಜನ ಇದನ್ನು ಪವಾಡ ಎಂದುಕೊಳ್ಳುತ್ತಾರೆ.

ಅದಲ್ಲದಿದ್ದರೆ 'ಟೈಪ್ -ಎ' ಉತ್ತರ ನೋಡಿ. ಹೊಸ ಪ್ರತಿ ಪಟ್ಟಿಯಲ್ಲೇ ಇಲ್ಲವೆಂದರೆ ಅದು ಇರುವ ಫೋಲ್ಡರ್ ಪಾತ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ, ಇಲ್ಲ. ಸಾಮಾನ್ಯ ಬಳಕೆದಾರರಾಗಿ ಹೊಸದು, ಸುಡೊ ಹಾಕಿದರೆ ಹಳೆಯದು ಅಥವಾ 'ಕಮಾಂಡ್ ನಾಟ್ ಫೌಂಡ್' ಬಂದರೆ ಸುಡೋದ ಸೆಕ್ಯೂರ್_ಪಾತ್ (ಸುಡೊ ಬಳಸುವ ತನ್ನದೇ ಪಾತ್) ಕಾರಣ. ಕೆಲವು ವಿತರಣೆಗಳಲ್ಲಿ ಅದರಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಇರುವುದಿಲ್ಲ. ಪೂರ್ಣ ವಿಳಾಸ ಕೊಟ್ಟು ಓಡಿಸಿ. ಸರ್ವಿಸ್ ಆದರೆ ಪಾತ್‌ಗೂ ಅದಕ್ಕೂ ಸಂಬಂಧವೇ ಇಲ್ಲ: 'ಸಿಸ್ಟಮ್‌ಸಿಟಿಎಲ್ ಕ್ಯಾಟ್' ಮತ್ತು ಸರ್ವಿಸಿನ ಹೆಸರು ಕೊಟ್ಟು ಎಕ್ಸೆಕ್‌ಸ್ಟಾರ್ಟ್ ಸಾಲು ನೋಡಿ. ಅಲ್ಲಿ ಪ್ಯಾಕೇಜ್ ಪ್ರತಿಯ ವಿಳಾಸವೇ ಬರೆದಿರುತ್ತದೆ, ನೀವು ಎಷ್ಟು ಸಲ ಕಟ್ಟಿದರೂ ಓಡುವುದು ಅದೇ.

## ಲಕ್ಷಣ: 'ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್', ಅಥವಾ ಆಪ್ಟ್‌ನಿಂದ ಬಂದದ್ದೂ ಕೆಟ್ಟಿತು

ಮೊದಲ ಮದ್ದು 'ಸುಡೊ ಎಲ್‌ಡಿಕಾನ್ಫಿಗ್'. ಹೊಸ ಲೈಬ್ರರಿ ಡಿಸ್ಕಿನಲ್ಲಿದ್ದರೂ ಲೋಡರ್ ಓದುವ ಕ್ಯಾಶ್‌ಗೆ ಸೇರುವುದು ಇದನ್ನು ಓಡಿಸಿದ ಮೇಲೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ /ಯುಎಸ್‌ಆರ್/ಲೋಕಲ್/ಲಿಬ್ ಮೊದಲೇ ಪಟ್ಟಿಯಲ್ಲಿರುತ್ತದೆ. ಫೆಡೋರಾ ಬಳಗದಲ್ಲಿ ಇರದಿದ್ದರೆ /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ '.ಕಾನ್ಫ್' ಎಂದು ಕೊನೆಯಾಗುವ ಫೈಲು ಮಾಡಿ, ವಿಳಾಸ ಬರೆದು, ಮತ್ತೆ ಎಲ್‌ಡಿಕಾನ್ಫಿಗ್ ಓಡಿಸಬೇಕು; 64 ಬಿಟ್ ಲೈಬ್ರರಿಗಳು ಅಲ್ಲಿ ಲಿಬ್64ರಲ್ಲಿ ಕೂತಿರಬಹುದು, ಅದನ್ನೂ ನೋಡಿ. ಎಲ್‌ಡಿ_ಲೈಬ್ರರಿ_ಪಾತ್ ಪರೀಕ್ಷೆಗೆ ಸರಿ. ಬ್ಯಾಷ್‌ಆರ್‌ಸಿಯಲ್ಲಿ ಕಾಯಂ ಬರೆದಿಟ್ಟರೆ ಆರು ತಿಂಗಳ ಮೇಲೆ ಸಂಬಂಧವಿಲ್ಲದ ಪ್ರೋಗ್ರಾಮ್ ಒಂದು ಕೆಟ್ಟು ಕಾರಣ ಹೊಳೆಯುವುದಿಲ್ಲ.

ತಿರುಗುಬಾಣ ಇದಕ್ಕಿಂತ ಕೆಟ್ಟದ್ದು. ಕರ್ಲ್ ಅನ್ನು ಸೋರ್ಸ್‌ನಿಂದ ಹಾಕಿ ಎಲ್‌ಡಿಕಾನ್ಫಿಗ್ ಕೊಟ್ಟಿರಿ. ಈಗ ಲಿಬ್‌ಕರ್ಲ್.ಎಸ್‌ಒ.4 ಎರಡು ಕಡೆ ಇದೆ, ಡೆಬಿಯನ್ ಬಳಗದಲ್ಲಿ /ಯುಎಸ್‌ಆರ್/ಲೋಕಲ್/ಲಿಬ್‌ನದು ಸಾಮಾನ್ಯವಾಗಿ ಗೆಲ್ಲುತ್ತದೆ. ಆಪ್ಟ್‌ನಿಂದ ಬಂದ ಪ್ರೋಗ್ರಾಮ್‌ಗಳೂ ನಿಮ್ಮ ಲೈಬ್ರರಿಯನ್ನೇ ಎತ್ತಿಕೊಳ್ಳುತ್ತವೆ. ಲಕ್ಷಣಗಳು: 'ನೋ ವರ್ಷನ್ ಇನ್ಫರ್ಮೇಷನ್ ಅವೈಲಬಲ್' ಎಂಬ ಎಚ್ಚರಿಕೆ, 'ಸಿಂಬಲ್ ಲುಕಪ್ ಎರರ್', ಅಥವಾ ಕರ್ಲ್ ಎರರ್ 48, ಅಂದರೆ ಲೈಬ್ರರಿಗೆ ಗೊತ್ತಿಲ್ಲದ ಆಯ್ಕೆ. 'ಕರ್ಲ್ --ವರ್ಷನ್' ಕೊಟ್ಟರೆ ಮೊದಲ ಸಾಲಿನಲ್ಲೇ ಎರಡು ಸಂಖ್ಯೆಗಳಿರುತ್ತವೆ, ಒಂದು ಕರ್ಲ್‌ನದು, ಇನ್ನೊಂದು ಲಿಬ್‌ಕರ್ಲ್‌ನದು. ಎರಡೂ ಬೇರೆ ಇದ್ದರೆ ರೋಗ ಸಿಕ್ಕಿತು. ಖಚಿತಪಡಿಸಲು:

    ಎಲ್‌ಡಿಡಿ /ಯುಎಸ್‌ಆರ್/ಬಿನ್/ಕರ್ಲ್ | ಗ್ರೆಪ್ ಲಿಬ್‌ಕರ್ಲ್

ಬಾಣದ ಗುರುತಿನ ಮುಂದೆ ಲೋಕಲ್ ಎಂಬ ಪದ ಕಂಡರೆ ಆ ಲೈಬ್ರರಿಯ ಫೈಲುಗಳನ್ನು ಅಲ್ಲಿಂದ ಬೇರೆ ಫೋಲ್ಡರಿಗೆ ಸರಿಸಿ, ಎಲ್‌ಡಿಕಾನ್ಫಿಗ್ ಓಡಿಸಿ, ಮತ್ತೆ ನೋಡಿ. ಹೆಸರು ಬದಲಿಸಿ ಅಲ್ಲೇ ಬಿಟ್ಟರೆ ಸಾಲದು. ಎಲ್‌ಡಿಕಾನ್ಫಿಗ್ ಫೈಲಿನ ಒಳಗಿನ ಹೆಸರು ಓದಿ ಕೊಂಡಿಯನ್ನು ಮತ್ತೆ ಹಾಕಬಹುದು. ಹೊಸದು ಬೇಕೇ ಬೇಕಿದ್ದರೆ '--ಪ್ರಿಫಿಕ್ಸ್=/ಆಪ್ಟ್/ಕರ್ಲ್' ಎಂದು ಕಾನ್ಫಿಗರ್‌ಗೆ ಕೊಟ್ಟು ಬೇರೆ ಮನೆಯಲ್ಲೇ ಕಟ್ಟಿ; ಇಲ್ಲಿನ ಆಪ್ಟ್ ಎಂದರೆ ಓಪಿಟಿ ಫೋಲ್ಡರ್, ಪ್ಯಾಕೇಜ್ ಮ್ಯಾನೇಜರ್ ಅಲ್ಲ. ನಂಬಿಕೆ ಇಲ್ಲದ ಪ್ರೋಗ್ರಾಮಿನ ಮೇಲೆ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಂದರ್ಭದಲ್ಲಿ ಅದು ಪ್ರೋಗ್ರಾಮನ್ನೇ ಓಡಿಸಿಬಿಡುತ್ತದೆ. 'ರೀಡ್‌ಎಲ್ಫ್ -ಡಿ' ಅಪಾಯವಿಲ್ಲದ್ದು.

## ಲಕ್ಷಣ: 'ಜಿಲಿಬ್‌ಸಿ 2.34 ನಾಟ್ ಫೌಂಡ್'

ಜಿಲಿಬ್‌ಸಿ ಎಂದರೆ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮ್‌ಗಳಿಗೂ ಬೇಕಾದ ಮೂಲ ಸಿ ಲೈಬ್ರರಿ. ಹೊಸ ಸಿಸ್ಟಮ್ಮಿನಲ್ಲಿ ಕಟ್ಟಿದ ಪ್ರೋಗ್ರಾಮನ್ನು ಹಳೆಯದರಲ್ಲಿ ಓಡಿಸುತ್ತಿದ್ದೀರಿ. ಉಬುಂಟು 20.04ರಲ್ಲಿ ಜಿಲಿಬ್‌ಸಿ 2.31, 22.04ರಲ್ಲಿ 2.35. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ತಿರುಗಾಮುರುಗಾ ಆಗುವುದಿಲ್ಲ. ಹಳೆಯ ಮೆಷಿನ್ನಿನಲ್ಲೇ ಸೋರ್ಸ್‌ನಿಂದ ಕಟ್ಟಿ, ಅಥವಾ ಕಂಟೇನರಿನಲ್ಲಿ ಓಡಿಸಿ.

ಜಿಲಿಬ್‌ಸಿಯನ್ನೇ ಸೋರ್ಸ್‌ನಿಂದ ತಂದು ಸಿಸ್ಟಮ್ ಪ್ರತಿಯ ಮೇಲೆ ಹಾಕಬೇಡಿ. ಎಲ್‌ಎಸ್, ಸಿಪಿ, ಸುಡೊ, ಬ್ಯಾಷ್ ಎಲ್ಲವೂ ಅದರ ಮೇಲೆ ನಿಂತಿವೆ. ನಡುವೆ ಕೆಟ್ಟರೆ ತಿದ್ದಲು ಬೇಕಾದ ಕಮಾಂಡುಗಳೂ ಓಡುವುದಿಲ್ಲ, ಲೈವ್ ಯುಎಸ್‌ಬಿ ಒಂದೇ ಗತಿ.

## ಲಕ್ಷಣ: ಪೈಥಾನ್ ಸುತ್ತಲಿನ ಎರರ್‌ಗಳು

'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್' ಎಂಬುದು ದೋಷವಲ್ಲ, ಬೇಲಿ. ಡೆಬಿಯನ್ 12, ಉಬುಂಟು 23.04ರಿಂದ ಸಿಸ್ಟಮ್ ಪೈಥಾನ್ ಒಳಗೆ ಪಿಪ್ (ಪೈಥಾನಿನದೇ ಪ್ಯಾಕೇಜ್ ಉಪಕರಣ) ನೇರವಾಗಿ ಬರೆಯದಂತೆ ತಡೆದಿದ್ದಾರೆ. 'ಪೈಥಾನ್3 -ಎಂ ವೆನ್ವ್' ಕೊಟ್ಟು ಬೇರೆ ಪರಿಸರ ಮಾಡಿಕೊಳ್ಳಿ. ಕಮಾಂಡ್ ಲೈನ್ ಉಪಕರಣವಾದರೆ ಪಿಪ್‌ಎಕ್ಸ್. '--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್' ಎಂಬ ಆಯ್ಕೆಯ ಹೆಸರನ್ನೇ ಒಮ್ಮೆ ಓದಿದರೆ ಸಾಕು, ಬೇರೆ ಎಚ್ಚರಿಕೆ ಬೇಡ.

ಪೈಥಾನನ್ನೇ ಸೋರ್ಸ್‌ನಿಂದ ಕಟ್ಟುವುದಾದರೆ 'ಮೇಕ್ ಇನ್‌ಸ್ಟಾಲ್' ಅಲ್ಲ, 'ಮೇಕ್ ಆಲ್ಟ್‌ಇನ್‌ಸ್ಟಾಲ್'. ಇದು ಪೈಥಾನ್3 ಎಂಬ ಹೆಸರನ್ನು ಮುಟ್ಟುವುದಿಲ್ಲ. 'ನೋ ಮಾಡ್ಯೂಲ್ ನೇಮ್ಡ್ ಆಪ್ಟ್_ಪಿಕೆಜಿ' ಬರತೊಡಗಿದರೆ ಯಾರೋ ಆ ಹೆಸರನ್ನು ಬೇರೆ ಆವೃತ್ತಿಗೆ ತಿರುಗಿಸಿದ್ದಾರೆ. /ಯುಎಸ್‌ಆರ್/ಬಿನ್/ಪೈಥಾನ್3 ಕೊಂಡಿ ವಿತರಣೆಯ ಆವೃತ್ತಿಗೇ ಹೋಗುವಂತೆ ಹಿಂದಿರುಗಿಸಿ.

## ಲಕ್ಷಣ: ಸೋರ್ಸ್‌ನಿಂದ ಹಾಕಿದ್ದನ್ನು ತೆಗೆಯಲು ಆಗುತ್ತಿಲ್ಲ

ಕಟ್ಟಿದ ಫೋಲ್ಡರ್ ಉಳಿದಿದ್ದರೆ 'ಸುಡೊ ಮೇಕ್ ಅನ್‌ಇನ್‌ಸ್ಟಾಲ್', ಮೆಸಾನ್ ಆದರೆ 'ಸುಡೊ ನಿಂಜಾ ಅನ್‌ಇನ್‌ಸ್ಟಾಲ್'. ಸಿಮೇಕ್ ಬಿಲ್ಡ್ ಫೋಲ್ಡರಿನಲ್ಲಿ ಇನ್‌ಸ್ಟಾಲ್_ಮ್ಯಾನಿಫೆಸ್ಟ್ ಎಂಬ ಟೆಕ್ಸ್ಟ್ ಫೈಲಿನಲ್ಲಿ ಪೂರ್ತಿ ಪಟ್ಟಿ ಇರುತ್ತದೆ.

ಫೋಲ್ಡರ್ ಇಲ್ಲದಿದ್ದರೆ ಅದೇ ಆವೃತ್ತಿಯ ಟಾರ್ ಮತ್ತೆ ಇಳಿಸಿ, ಅದೇ ಆಯ್ಕೆಗಳಲ್ಲಿ ಕಟ್ಟಿ, 'ಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ಟಿಎಂಪಿ/ಪಟ್ಟಿ' ಕೊಡಿ; ಡೆಸ್ಟ್‌ಡಿರ್ ದೊಡ್ಡಕ್ಷರ, ಪಟ್ಟಿ ಎಂಬಲ್ಲಿ ನಿಮಗೆ ಬೇಕಾದ ಹೆಸರು, ಸುಡೊ ಬೇಡ. ಏನೇನು ಎಲ್ಲೆಲ್ಲಿಗೆ ಹೋಗಿತ್ತು ಎಂಬುದು ಆ ಫೋಲ್ಡರಿನಲ್ಲಿ ಕಣ್ಣಿಗೆ ಕಾಣುತ್ತದೆ. ಈಗಷ್ಟೇ ತಪ್ಪಾಗಿ ಹಾಕಿದ್ದಾದರೆ 'ಫೈಂಡ್ /ಯುಎಸ್‌ಆರ್/ಲೋಕಲ್ -ಸಿಮಿನ್ -15' ಕಳೆದ 15 ನಿಮಿಷದಲ್ಲಿ ಬಂದ ಫೈಲುಗಳನ್ನು ತೋರಿಸುತ್ತದೆ. ಯಾವ ಪಟ್ಟಿಯನ್ನೂ ಓದದೆ ಆರ್‌ಎಂಗೆ ಕೊಡಬೇಡಿ.

ಪ್ರಿಫಿಕ್ಸ್ ಅನ್ನು /ಯುಎಸ್‌ಆರ್ ಎಂದು ಕೊಟ್ಟು ಪ್ಯಾಕೇಜ್ ಫೈಲುಗಳ ಮೇಲೇ ಬರೆದಿದ್ದರೆ ಅಳಿಸಲೇಬೇಡಿ. 'ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್' ಮತ್ತು ಪ್ಯಾಕೇಜಿನ ಹೆಸರು ಕೊಟ್ಟರೆ ಆಪ್ಟ್ ತನ್ನ ಫೈಲುಗಳನ್ನು ವಾಪಸ್ ಇಡುತ್ತದೆ. ಯಾವ ಪ್ಯಾಕೇಜ್‌ಗಳು ಕೆಟ್ಟಿವೆ ಎಂದು ತಿಳಿಯಲು 'ಡಿಪಿಕೆಜಿ --ವೆರಿಫೈ'.

ಮುಂದಿನ ಸಲ ಕಟ್ಟುವಾಗ ಪ್ರಿಫಿಕ್ಸ್ ಅನ್ನು /ಯುಎಸ್‌ಆರ್/ಲೋಕಲ್/ಸ್ಟೋ/ ಒಳಗೆ ಹೆಸರು-ಆವೃತ್ತಿಯ ಫೋಲ್ಡರಿಗೆ ಕೊಟ್ಟು ಗ್ನೂ ಸ್ಟೋ (ಆ ಫೋಲ್ಡರಿನ ಫೈಲುಗಳಿಗೆ /ಯುಎಸ್‌ಆರ್/ಲೋಕಲ್‌ನಲ್ಲಿ ಕೊಂಡಿ ಹಾಕುವ ಉಪಕರಣ) ಬಳಸಿ. ಹಾಕಲು 'ಸ್ಟೋ', ತೆಗೆಯಲು 'ಸ್ಟೋ -ಡಿ', ಡಿ ದೊಡ್ಡಕ್ಷರ.

## ಎಲ್ಲಿ ನಿಲ್ಲಿಸಬೇಕು, ಏನು ಹಿಡಿದು ಕೇಳಬೇಕು

ಸುಡೊ ಓಡುತ್ತಿಲ್ಲ, ಎಲ್‌ಎಸ್‌ನಂಥ ಮೂಲ ಕಮಾಂಡೂ ಲೈಬ್ರರಿ ಎರರ್ ಕೊಡುತ್ತಿದೆ, ಡಿಪಿಕೆಜಿ ತನ್ನ ಸ್ಟೇಟಸ್ ಫೈಲು ಓದಲಾಗುತ್ತಿಲ್ಲ ಎನ್ನುತ್ತಿದೆ: ಈ ಮೂರರಲ್ಲಿ ಯಾವುದಾದರೂ ಕಂಡರೆ ಅಲ್ಲಿಗೆ ನಿಲ್ಲಿಸಿ. ತೆರೆದಿರುವ ರೂಟ್ ಟರ್ಮಿನಲ್ ಇದ್ದರೆ ಮುಚ್ಚಬೇಡಿ, ರೀಬೂಟ್ ಮಾಡಬೇಡಿ. ಹೋಮ್ ಫೋಲ್ಡರಿನ ಪ್ರತಿ ಹೊರಗಿನ ಡಿಸ್ಕಿಗೆ ತೆಗೆದ ಮೇಲೆಯೇ ಮುಂದಿನ ಮಾತು. ಇತರರೂ ಬಳಸುವ ಸರ್ವರ್ ಆದರೆ ಲೈಬ್ರರಿ ಹಂತ ದಾಟುವ ಮುಂಚೆಯೇ ಅದನ್ನು ನೋಡಿಕೊಳ್ಳುವವರಿಗೆ ಹೇಳಿ.

ಸಹಾಯ ಕೇಳುವಾಗ ಫೋಟೋ ಬೇಡ, ಟೆಕ್ಸ್ಟ್ ಕೊಡಿ: ಓಎಸ್-ರಿಲೀಸ್, ಕೊಟ್ಟ ಕಮಾಂಡ್ ಪೂರ್ತಿಯಾಗಿ, ಮೊದಲ ಎರರಿನ ಸುತ್ತಲಿನ ಮೂವತ್ತು ಸಾಲು, 'ಟೈಪ್ -ಎ' ಮತ್ತು ಎಲ್‌ಡಿಡಿ ಉತ್ತರ. ಜೊತೆಗೆ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್‌ನ ಕೊನೆಯ ಕೆಲವು ನಮೂದು. ಯಾವ ದಿನ ಯಾವ ಪ್ಯಾಕೇಜ್ ಬಂತು, ಹೋಯಿತು ಎಂಬುದು ಅದರಲ್ಲಿರುತ್ತದೆ. ಸೋರ್ಸ್‌ನಿಂದ ಹಾಕಿದವುಗಳ ದಿನಾಂಕ ಮತ್ತು ಕೊಟ್ಟ ಆಯ್ಕೆಗಳು ಅಲ್ಲಿ ಸಿಗುವುದಿಲ್ಲ, ಅವನ್ನು ನೀವೇ ನೆನಪು ಮಾಡಿಕೊಂಡು ಬರೆಯಬೇಕು. ಕಟ್ಟಿದ ಫೋಲ್ಡರ್ ಉಳಿದಿದ್ದರೆ ಕಾನ್ಫಿಗ್.ಲಾಗ್‌ನ ಮೊದಲ ಹತ್ತು ಸಾಲಿನೊಳಗೆ ಅಂದು ಕೊಟ್ಟ ಕಮಾಂಡ್ ಹಾಗೇ ಇರುತ್ತದೆ.